ರಂಗಮಂದಿರಕ್ಕೆ ಬೀಗ ಹಾಕಿದರೆ ಶಾಂತಿ ನೆಲೆಸುತ್ತದೆಯೇ?

ಸಂಪಾದಕರೇ,

ಭಾನುವಾರ ಸಂಜೆ ನಮ್ಮ ರಂಗಮಂದಿರದಲ್ಲಿ ನಡೆದ, ಅಂದರೆ ನಡೆಯದೇ ಹೋದ ಕಾರ್ಯಕ್ರಮದ ಸುದ್ದಿ ನಿಮ್ಮ ಮೂರನೇ ಪುಟದಲ್ಲಿ ಬಂದಿದೆ. ‘ಕಾನೂನು ಸುವ್ಯವಸ್ಥೆ ದೃಷ್ಟಿಯಿಂದ ಮುಂದೂಡಿಕೆ’ ಎಂದು ಬರೆದಿದ್ದೀರಿ. ಯಾವಾಗಕ್ಕೆ ಮುಂದೂಡಿದ್ದು ಸ್ವಾಮಿ? ನಮಗಂತೂ ಯಾರೂ ತಾರೀಖು ಹೇಳಿಲ್ಲ. ಬೀಗ ಹಾಕಿಕೊಂಡು ಹೋದರು, ಅಷ್ಟೇ.

ಕಾರ್ಯಕ್ರಮವಾದರೂ ಏನು? ‘ಸ್ವಾತಂತ್ರ್ಯ ಮತ್ತು ಕಲೆ’ ಅಂತ ಒಂದು ಉಪನ್ಯಾಸ, ಆಮೇಲೆ ಕಾಲೇಜು ಹುಡುಗರ ಚಿಕ್ಕ ನಾಟಕ. ಮಾತಾಡಬೇಕಿದ್ದವನು ನಾನೇ. ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನ ಉಪನ್ಯಾಸಕ್ಕೆ ಎಷ್ಟು ಜನ ಬರುತ್ತಾರೆ ಎಂದು ಈ ಊರಿಗೇ ಗೊತ್ತು. ಅರ್ಧ ಜನ ತಮ್ಮ ಮಕ್ಕಳ ಪಾರ್ಟು ನೋಡೋಕೆ ಬಂದವರು, ಉಳಿದವರು ಉಪ್ಪಿಟ್ಟಿಗೆ. ಇವರಿಂದ ಊರಿಗೆ ಬೆಂಕಿ ಬೀಳುತ್ತದೆ ಎಂದು ಯಾರಿಗೆ ಹೊಳೆಯಿತೋ!

ಖರ್ಚು ಕೇಳಿ. ಬಾಡಿಗೆ, ಠೇವಣಿ ಎರಡನ್ನೂ ಮುಂಗಡ ಕಟ್ಟಿದ್ದೆವು. ಮೈಕಿನವನ ದುಡ್ಡು ಹೋಯಿತು, ವೇಷದ ಬಾಡಿಗೆ ಹೋಯಿತು. ಉಪ್ಪಿಟ್ಟು, ಕೇಸರಿಭಾತನ್ನು ಬಂದೋಬಸ್ತಿನ ಪೊಲೀಸರೂ ತಿಂದರು, ನಮ್ಮ ವಿರುದ್ಧ ಮನವಿ ಕೊಟ್ಟವರಲ್ಲೂ ಕೆಲವರು ತಿಂದರು. ಬೇಡ ಅನ್ನಲಿಲ್ಲ. ದೊರೆಯ ಪಾತ್ರದ ಹುಡುಗ ಬಣ್ಣ ತೊಳೆಯೋಣ ಅಂದರೆ ಗ್ರೀನ್‌ ರೂಮಿಗೂ ಬೀಗ, ಹೊರಗಿನ ನಲ್ಲಿಯಲ್ಲಿ ನೀರಿಲ್ಲ. ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡು, ಅದೇ ಕೆಂಪು ಮುಖದಲ್ಲಿ ಕೊನೇ ಬಸ್ಸು ಹತ್ತಿದ. ಕಂಡಕ್ಟರ್‌ ಎರಡು ಸಲ ನೋಡಿ ಟಿಕೆಟ್‌ ಕೊಟ್ಟನಂತೆ.

ಅನುಮತಿ ಕೇಳಲಿಲ್ಲವೇ ಎಂದು ಕೇಳಬೇಡಿ. ನಾಟಕದ ಪ್ರತಿ ಮೂರು ಕೊಟ್ಟಿದ್ದೆವು. ಒಂದು ವಾಪಸ್‌ ಬಂತು. ‘ದೊರೆ’ ಎಂದಿರುವ ಕಡೆಯೆಲ್ಲ ಹಸಿರು ಶಾಯಿಯ ಗೆರೆ. ಒಂದು ಕಡೆ ದೊರೆ ಆಕಳಿಸುತ್ತಾನೆ ಎಂದಿತ್ತು. ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ! ಮನವಿ ಕೊಟ್ಟವರದ್ದೂ ಅದೇ ರಾಗ: ನಾಟಕದಲ್ಲಿ ನಮ್ಮ ನಾಯಕರನ್ನು ಗೇಲಿ ಮಾಡಿದ್ದಾರಂತೆ. ಯಾವ ನಾಯಕರು ಅಂತ ಕೇಳಿದೆ. ಹೇಳಲಿಲ್ಲ. ಹೇಳಿದ್ದರೆ ಪಾತ್ರ ಸರಿಯಾಗಿ ಹೊಂದುತ್ತದೆ ಎಂದು ಅವರೇ ಒಪ್ಪಿದ ಹಾಗಾಗುತ್ತಿತ್ತಲ್ಲ.

ಬೀಗ ಹಾಕಿಸಿದ ಅಧಿಕಾರಿ ಒಳ್ಳೆಯ ಮನುಷ್ಯ. ಹೆಗಲ ಮೇಲೆ ಕೈ ಹಾಕಿ, “ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ ಸಾರ್” ಅಂದರು. ಆ ಸಂಜೆ ನಾನು ಹೇಳಬೇಕಿದ್ದದ್ದೇ ಇದು! 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ತತ್ವಜ್ಞಾನಿ ಐಸಾಯಾ ಬರ್ಲಿನ್‌ ಸ್ವಾತಂತ್ರ್ಯದ ಎರಡು ಬಗೆ ವಿವರಿಸಿದರು. ಒಂದು, ಯಾರೂ ಅಡ್ಡ ಬರದೆ ನಮ್ಮ ಪಾಡಿಗೆ ನಾವಿರುವುದು. ಇನ್ನೊಂದು, ನಮ್ಮ ಬದುಕಿಗೆ ನಾವೇ ಯಜಮಾನರಾಗುವುದು. ಎರಡನೆಯದು ಕೇಳೋಕೆ ಚೆಂದ. ಆದರೆ ‘ನಿನಗೆ ನಿಜವಾಗಿ ಏನು ಬೇಕು ಅಂತ ನಿನಗಿಂತ ನನಗೇ ಚೆನ್ನಾಗಿ ಗೊತ್ತು’ ಎನ್ನುವವನ ಕೈಗೆ ಅದು ಸಿಕ್ಕರೆ ಕೆಟ್ಟಿತು. ಆಳುವವರು ಹಾಗೆ ಹೇಳಿಕೊಂಡೇ ಬಾಯಿ ಮುಚ್ಚಿಸುತ್ತಾರೆ ಎಂಬುದು ಬರ್ಲಿನ್‌ ಭಯ. ಪುಸ್ತಕದಲ್ಲಿ ಪುಟಗಟ್ಟಲೆ ಇರುವುದನ್ನು ನಮ್ಮ ಅಧಿಕಾರಿ ಒಂದೇ ಸಾಲಿನಲ್ಲಿ ಮಾಡಿ ತೋರಿಸಿದರು.

ಜಾನ್‌ ಸ್ಟೂವರ್ಟ್‌ ಮಿಲ್‌ ಎಂಬ ಇಂಗ್ಲಿಷ್ ತತ್ವಜ್ಞಾನಿ 1859ರಲ್ಲೇ ಬರೆದ. ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ ಮಾತ್ರ ಒಬ್ಬನನ್ನು ಬಲವಂತವಾಗಿ ತಡೆಯಬಹುದು. ಅವನೇನೂ ಬೇಕಾಬಿಟ್ಟಿ ಬಿಟ್ಟವನಲ್ಲ. ಧಾನ್ಯದ ವ್ಯಾಪಾರಿಗಳು ಬಡವರ ಹೊಟ್ಟೆ ಮೇಲೆ ಹೊಡೆಯುತ್ತಾರೆ ಎಂದು ಪತ್ರಿಕೆಯಲ್ಲಿ ಬರೆದರೆ ಬರೆಯಲಿ ಬಿಡಿ, ಅದನ್ನೇ ಸಿಟ್ಟಿಗೆದ್ದ ಗುಂಪಿಗೆ ವ್ಯಾಪಾರಿಯ ಮನೆ ಬಾಗಿಲಲ್ಲಿ ನಿಂತು ಹೇಳಿದರೆ ಶಿಕ್ಷೆ ಕೊಡಬಹುದು ಅಂದ. ಸರಿ, ಅದೇ ಅಳತೆಗೋಲು ತನ್ನಿ. ಭಾನುವಾರ ಸಿಟ್ಟಿಗೆದ್ದ ಗುಂಪು ಯಾವುದು? ಬಾಗಿಲಲ್ಲಿ ನಿಂತು ಕೂಗಿದ್ದು ಯಾರು? ಒಳಗೆ ಇದ್ದವರ ಕೈಯಲ್ಲಿ ಕಾಫಿ ಲೋಟ ಇತ್ತು.

ಮಿಲ್‌ ಹೊರಗಿನವನು, ಬೇಡ ಅಂದರೆ ನಮ್ಮದೇ ಸುಪ್ರೀಂ ಕೋರ್ಟ್‌ ಇದೆ. 1989ರಲ್ಲಿ ಒಂದು ತಮಿಳು ಸಿನಿಮಾ ಪ್ರಕರಣದಲ್ಲಿ ಅದು ಸ್ಪಷ್ಟವಾಗಿ ಹೇಳಿತು: ಮೆರವಣಿಗೆ, ಗಲಾಟೆಯ ಬೆದರಿಕೆ ಇದೆ ಅಂತ ಅಭಿವ್ಯಕ್ತಿ ಹತ್ತಿಕ್ಕುವಂತಿಲ್ಲ. ಹಾಗೆ ಮಾಡಿದರೆ ಬ್ಲ್ಯಾಕ್‌ಮೇಲಿಗೆ ಶರಣಾದಂತೆ. ಗಲಾಟೆ ತಡೆಯೋದು ಸರ್ಕಾರದ ಕೆಲಸ. 2025ರಲ್ಲಿ ಕಮಲ್‌ ಹಾಸನ್‌ ಸಿನಿಮಾ ಇಲ್ಲಿ ಬಿಡುಗಡೆಯಾಗದೆ ನಿಂತಾಗಲೂ ನಮ್ಮ ಸರ್ಕಾರ ಅದೇ ಕೋರ್ಟಿನಿಂದ ಅದೇ ಪಾಠ ಹೇಳಿಸಿಕೊಂಡಿತು. ಕನ್ನಡದ ಬಗ್ಗೆ ಆತ ಆಡಿದ ಮಾತಿಗೆ ನನಗೂ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ನಾನು ಸಿನಿಮಾಕ್ಕೆ ಹೋಗೋಲ್ಲ. ಪಕ್ಕದ ಮನೆಯವನೂ ಹೋಗಬಾರದು ಅನ್ನೋಕೆ ನಾನ್ಯಾರು?

ನಾಟಕ ಕಂಡರೆ ಹೆದರುವ ರೋಗ ಹಳೆಯದು. ಬಂಗಾಳದಲ್ಲಿ ಬ್ರಿಟಿಷರನ್ನು ರಂಗದ ಮೇಲೆ ಹಂಗಿಸತೊಡಗಿದಾಗ 1876ರಲ್ಲಿ ನಾಟಕ ನಿಯಂತ್ರಣಕ್ಕೇ ಒಂದು ಕಾಯ್ದೆ ಬಂತು. ಕೇಂದ್ರ ಸರ್ಕಾರ ಕೆಲ ವರ್ಷಗಳ ಹಿಂದೆ ಅದನ್ನು ತೆಗೆದು ಹಾಕಿತು. ಕಾಯ್ದೆ ಹೋಯಿತು, ಹಸಿರು ಶಾಯಿ ಉಳಿಯಿತು. ಸ್ವತಂತ್ರ ಭಾರತದ ಸಾಧನೆಯೂ ಕಡಿಮೆಯೇನಲ್ಲ. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಆಕೆ 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲೇ ಈಗ ಫ್ರೀಡಂ ಪಾರ್ಕ್‌. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕಾದರೆ ಅಲ್ಲೇ ಮಾಡಿ ಅನ್ನುತ್ತಾರೆ. ಜೈಲಿನ ಜಾಗದಲ್ಲೇ ಸ್ವಾತಂತ್ರ್ಯ ಕೊಡುವ ಈ ತಮಾಷೆ ಯಾವ ನಾಟಕಕಾರನಿಗೂ ಹೊಳೆಯದು, ಅಲ್ವಾ?

ಇನ್ನು ಈ ರಂಗಮಂದಿರದ ಕಥೆ. ಫ್ಯಾನು ತಿರುಗಿದರೆ ಸಂಭಾಷಣೆ ಕೇಳಿಸದು, ನಿಲ್ಲಿಸಿದರೆ ಕೂರೋಕಾಗದು. ಬಾಡಿಗೆ ಮಾತ್ರ ಜಾಸ್ತಿ ಆಗುತ್ತಲೇ ಇದೆ. ದೊಡ್ಡವರ ಹುಟ್ಟುಹಬ್ಬಕ್ಕೆ ಕೀಲಿ ಮನೆಗೇ ಹೋಗುತ್ತದೆ, ಆಗ ಯಾವ ಸುವ್ಯವಸ್ಥೆಯೂ ಕೆಡೋಲ್ಲ, ಪಟಾಕಿ ಹೊಡೆದರೂ! ಮನೆ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಭಾಷಣಕ್ಕೆ ಅಂತ ಹೋಗಿ ಕೇಳಿದರೆ ನಮ್ಮ ಗ್ರಂಥಾಲಯದಲ್ಲಿ ಮಿಲ್‌ ಇಲ್ಲ. ಮಂತ್ರಿಗಳ ಅಭಿನಂದನಾ ಗ್ರಂಥ ಮಾತ್ರ ಕಟ್ಟು ಬಿಚ್ಚದ ಹಾಗೆ ಸಾಲಾಗಿ ಕೂತಿವೆ. ಆ ಗ್ರಂಥಾಲಯದ ರಸ್ತೆಯ ಗುಂಡಿ ಬಗ್ಗೆ ಹಿಂದೆಯೂ ಬರೆದಿದ್ದೆ. ನೀವು ಹಾಕಿದಿರಿ, ಅವರು ಓದಲಿಲ್ಲ.

ಈಗ ಆಗಬೇಕಾದ್ದು ಇಷ್ಟು. ನಮ್ಮ ಠೇವಣಿ, ಬಾಡಿಗೆ ವಾಪಸ್‌ ಕೊಡಲಿ. ದುಡ್ಡು ಕೊಡೋಕಾಗದಿದ್ದರೆ ನಾಟಕಕ್ಕೆ ತಾರೀಖು ಕೊಡಲಿ. ಅಥವಾ ಎರಡನ್ನೂ ಕೊಡಲಿ, ಬೇಡ ಅನ್ನೋಲ್ಲ. ಅದೂ ಆಗದಿದ್ದರೆ ಈ ಊರಿನಲ್ಲಿ ಯಾವ ಯಾವ ಪಾತ್ರ ಆಕಳಿಸಬಹುದು ಎಂದು ಬಾಗಿಲಿಗೆ ಬೋರ್ಡಾದರೂ ಬರೆಸಿ ಹಾಕಲಿ. ಮೇಲಿನವರು ಸ್ವಲ್ಪ ಗಮನ ಕೊಡಬೇಕು. ಕೊಡೋಲ್ಲ ಅಂತ ಗೊತ್ತು. ಸುಮ್ನೆ ಸಂಬಳ ಎಣಿಸುವ ಜನ ಇವರು, ನಾಚಿಕೆಯಾಗಬೇಕು.

— ನಿವೃತ್ತ ಉಪನ್ಯಾಸಕ, ರಂಗಮಂದಿರದ ಹಿಂದಿನ ಬೀದಿ