ಫಸ್ಟ್ ಬಂದಿದ್ದಕ್ಕೇ ಭಯಾನಾ?

ಪುಟ್ಟೀ,

ಮನೆ ಸುದ್ದಿ ಎಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. ‘ದೊಡ್ಡಪ್ಪ, ಎಲ್ಲಾ ಟೆಸ್ಟಲ್ಲೂ ನನ್ನ ಮೆಥಡ್ಡೇ ಫಸ್ಟ್ ಬರ್ತಿದೆ, ಅದಕ್ಕೇ ಭಯ.’

ಬೇರೆಯವರಾದರೆ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ನೀನು ಕಳಿಸಿದ 2022ರ ನೇಚರ್ ಮೆಥಡ್ಸ್ ಪತ್ರಿಕೆಯ ಪ್ರಬಂಧ ಓದಿದೆ, ಅರ್ಧ ತಲೆಗೆ ಹೋಗಲಿಲ್ಲ. ಬೇರೆಬೇರೆ ಲ್ಯಾಬಿನ ಸಿಂಗಲ್ ಸೆಲ್ ಡೇಟಾ, ಅಂದರೆ ಒಂದೊಂದೇ ಜೀವಕೋಶ ಅಳೆದ ಲೆಕ್ಕ, ಒಂದುಗೂಡಿಸುವ ನಿನ್ನದರಂಥ 16 ಮೆಥಡ್ಡನ್ನು 13 ಕೆಲಸದಲ್ಲಿ, 14 ಅಳತೆ ಹಿಡಿದು ಹೋಲಿಸಿದ್ದಾರೆ. ಒಂದರಲ್ಲಿ ಮುಂದಿದ್ದದ್ದು ಇನ್ನೊಂದರಲ್ಲಿ ಹಿಂದೆ. ನಿನ್ನದು ಎಲ್ಲೂ ಹಿಂದೆ ಬೀಳೋದಿಲ್ಲ ಅಂದರೆ ಅನುಮಾನ ಬರುತ್ತೆ, ಅಲ್ವಾ?

ನಮ್ಮ ರಾಗಿ ತಳಿ ಪ್ರಯೋಗ ನೆನಪಾಯಿತು. ಹೊಸ ತಳಿ ಪಕ್ಕದಲ್ಲಿ ಹೋಲಿಸಲಿಕ್ಕೆ ಅಂತ ಜಿಪಿಯು-28 ಅನ್ನೋ ಹಳೆ ರಾಗಿ ತಳಿ ಬಿತ್ತುತ್ತಿದ್ದೆವು. ಒಂದು ಸಲ ಹೋಗಿ ನೋಡಿದರೆ ಹೊಸದಕ್ಕೆ ಹೊತ್ತಿಗೆ ಸರಿಯಾಗಿ ಕಳೆ ಕಿತ್ತಿದ್ದಾರೆ, ಹಳೆಯದರ ತಾಕಿನಲ್ಲಿ ಮೊಣಕಾಲುದ್ದ ಹುಲ್ಲು. ಮುಂದಿನ ಮುಂಗಾರಿಗೆ ಇನ್ನೊಮ್ಮೆ ಬಿತ್ತೋಣ ಅಂದೆ. ಮೇಲಿನವರು ಒಪ್ಪಲಿಲ್ಲ, ಅಷ್ಟರಲ್ಲಿ ನನಗೆ ವರ್ಗ ಆಯಿತು. ಆ ತಳಿ ನಿಜಕ್ಕೂ ಒಳ್ಳೆಯದೇ ಆಗಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ಅದೊಂದು ಕೊರಗು ಉಳಿದುಬಿಟ್ಟಿದೆ.

ಅದಕ್ಕೇ ಕೇಳುತ್ತೇನೆ, ತಪ್ಪು ತಿಳಿಯಬೇಡ. ನಿನ್ನದನ್ನು ತಿಂಗಳುಗಟ್ಟಲೆ ತಿದ್ದಿ ತೀಡಿದ್ದೀಯ. ಹೋಲಿಕೆಗೆ ಇಟ್ಟ ಹಾರ್ಮನಿ, ಸ್ಕ್ಯಾನೋರಮಾದಂಥ ಬೇರೆಯವರ ಮೆಥಡ್ಡುಗಳನ್ನ? ಡೀಫಾಲ್ಟ್ ಸೆಟ್ಟಿಂಗಲ್ಲೇ ಓಡಿಸಿ ಕೈ ತೊಳೆದುಕೊಂಡೆಯಾ? ತಿದ್ದಲಿಕ್ಕೆ ಬಳಸಿದ ಡೇಟಾದಲ್ಲೇ ಅಂಕವನ್ನೂ ಹಾಕಿದ್ದರೆ ಫಸ್ಟ್ ಬರದೆ ಇನ್ನೇನು ಬಂದೀತು?

ಇನ್ನೊಂದು, ನಿನಗೆ ಗೊತ್ತಿರೋದೇ ಇರಬಹುದು. ಸೆಲ್‌ಗಳಿಗೆ ಇಂಥ ಬಗೆಯದು ಅಂತ ಹಚ್ಚಿದ ಹೆಸರು ಎಲ್ಲಿಂದ ಬಂತು? ಮೊದಲು ಯಾರೋ ಕ್ಲಸ್ಟರಿಂಗ್ ಮಾಡಿ, ಅಂದರೆ ಒಂದನ್ನೊಂದು ಹೋಲುವುದನ್ನೆಲ್ಲ ಗುಂಪು ಮಾಡಿ, ಇಟ್ಟಿದ್ದೇ ಆದರೆ, ಅದೇ ತರಹ ಗುಂಪು ಮಾಡುವ ಮೆಥಡ್‌ಗೆ ಸುಮ್ನೆ ಅಂಕ ಸಿಗುತ್ತದೆ. ಬ್ಯಾಚ್ ವ್ಯತ್ಯಾಸ, ಅಂದರೆ ಲ್ಯಾಬಿಂದ ಲ್ಯಾಬಿಗೆ ಅಳೆಯೋದರಲ್ಲೇ ಬರುವ ವ್ಯತ್ಯಾಸ, ಅಳಿಸುವ ಭರದಲ್ಲಿ, ಒಂದೇ ಲ್ಯಾಬಿನಲ್ಲಿ ಸಿಕ್ಕ ಸಣ್ಣ ಗುಂಪಿನ ಸೆಲ್‌ಗಳು ಪಕ್ಕದ ದೊಡ್ಡ ಗುಂಪಿನೊಳಗೆ ಕರಗಿಹೋಗಿವೆಯಾ ಅಂತ ಕಣ್ಣಾರೆ ನೋಡು, ಯಾಕಂದರೆ ಸರಾಸರಿ ಅಂಕದಲ್ಲಿ ಅದು ಕಾಣೋದೇ ಕಷ್ಟ. ಆ ಪ್ರಬಂಧದವರು ಬ್ಯಾಚ್ ಅಳಿಸಿದ್ದಕ್ಕೆ 40, ಸೆಲ್ಲುಗಳ ನಡುವಿನ ನಿಜವಾದ ಜೈವಿಕ ವ್ಯತ್ಯಾಸ ಉಳಿಸಿದ್ದಕ್ಕೆ 60 ಅಂತ ತೂಕ ಕೊಟ್ಟಿದ್ದಾರಲ್ಲ, ಆ ತೂಕ ಬದಲಿಸಿದರೂ ನಿನ್ನದು ನಿಲ್ಲುತ್ತದಾ?

ಇಷ್ಟೆಲ್ಲ ಆದ ಮೇಲೂ ಫಸ್ಟೇ ಬಂದರೆ? ಬರಲಿ ಬಿಡು, ಅದಕ್ಕೂ ಹೆದರೋದಾ. ನಿಮ್ಮ ಗೈಡ್ ಏನಂತಾರೋ, ಆ ವ್ಯವಹಾರ ನನಗೆ ತಿಳಿಯದು. ಆದರೆ ಲ್ಯಾಬಿನ ಇನ್ನೊಬ್ಬರಿಗೆ ಕೋಡ್ ಕೊಟ್ಟು, ನೀನು ನೋಡೇ ಇರದ ಡೇಟಾ ಮೇಲೆ ಓಡಿಸಲಿಕ್ಕೆ ಹೇಳು. ನೀನು ಪಕ್ಕದಲ್ಲಿ ಕೂರಬೇಡ. ಏನು ಬಂತು ಅಂತ ನನಗೆ ಬರಿ.

ನಿನ್ನ ದೊಡ್ಡಪ್ಪ