ಪುಟ್ಟಿಗೆ, ಸೋಮವಾರದ ಟೋಕನ್‌ಗೆ ಮುಂಚೆ

ಪುಟ್ಟೀ,

ನಿನ್ನೆ ರಾತ್ರಿ ನೀನು ಫೋನಿಟ್ಟ ಮೇಲೆ ನಿಮ್ಮಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನಾನು ದನಿ ಏರಿಸಬಾರದಿತ್ತು. ಸ್ವಂತ ದುಡಿಮೆಯಲ್ಲಿ ಹಾಸನದಲ್ಲೇ ಮನೆ ತಗೋತೀಯ ಅಂತ ಹೆಮ್ಮೆಯಿದೆ, ಅದನ್ನೂ ಹೇಳಲಿಲ್ಲ. ಆದರೂ ಸಾಲಗಾಮೆ ರಸ್ತೆಯ ಆ ಮನೆಗೆ ಟೋಕನ್ ಮುಂಗಡ ಕೊಡುವ ಮುಂಚೆ ಇದನ್ನು ಓದು.

‘ಇ.ಸಿ. ಕ್ಲೀನ್ ಇದೆ’ ಅಂದೆ ನೀನು. ಇ.ಸಿ. ಅಂದರೆ ಋಣಭಾರ ಪತ್ರ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿರುತ್ತದೆ. ಮಹಡಿಯಲ್ಲಿ ಇರುವವರು 8 ಲಕ್ಷ ಇಡುಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಭೋಗ್ಯಕ್ಕಿದ್ದಾರೆ ಅಂತಲೂ ನೀನೇ ಹೇಳಿದೆ. ಭೋಗ್ಯದ ಕರಾರನ್ನು ಸಾಮಾನ್ಯವಾಗಿ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ಬಿಡುತ್ತಾರೆ. ನೋಂದಣಿಯಾಗದ ಪತ್ರ ಇ.ಸಿ.ಯಲ್ಲಿ ಬರುವುದಿಲ್ಲ. ಹಾಗಂತ ‘ನನಗೆ ಗೊತ್ತಿರಲಿಲ್ಲ’ ಅನ್ನುವಂತಿಲ್ಲ. ಮನೆಯಲ್ಲಿ ಯಾರಾದರೂ ವಾಸವಿದ್ದರೆ ಅವರ ಹಕ್ಕೇನೆಂದು ಕೊಳ್ಳುವವರೇ ವಿಚಾರಿಸಬೇಕು, ಕಾನೂನೂ ಹಾಗೇ ಇದೆ. ಕ್ರಯ ಆದಮೇಲೆ ಅವರು ‘ದುಡ್ಡು ಕೊಡಿ, ಬಿಡ್ತೀವಿ’ ಅಂತ ಕೂರುವುದು ನಿನ್ನ ಮುಂದೆ, ಮಾರಿದವನ ಮುಂದೆ ಅಲ್ಲ.

ಆ 8 ಲಕ್ಷವನ್ನು ಕೊನೆಗೆ ಮನೆಯ ಬೆಲೆಯಲ್ಲಿ ಮುರಿದುಕೊಳ್ಳೋಣ ಅನ್ನಬೇಡ. ಬ್ಯಾಂಕು ಸಾಲದ ಚೆಕ್ಕನ್ನು ಮಾರುವವನ ಹೆಸರಿಗೇ ಕೊಡುತ್ತದೆ, ಮುರಿದುಕೊಳ್ಳಲು ಆ ದುಡ್ಡು ನಿನ್ನ ಕೈಗೆ ಬರುವುದಿಲ್ಲ. ಮೊದಲು ಮಹಡಿಯವರನ್ನೇ ಕೇಳಿ ಕರಾರಿನ ಪ್ರತಿ ತಗೋ. ಅಗ್ರಿಮೆಂಟಿನಲ್ಲಿ ‘ಖಾಲಿ ಸ್ವಾಧೀನ’ ಅಂತ ಬರೆಸು. ಅಡ್ವಾನ್ಸಿನಲ್ಲಿ 8 ಲಕ್ಷ ನೇರ ಅವರ ಖಾತೆಗೇ ಹೋಗಲಿ, ಮೂರೂ ಜನ ಸಹಿ ಮಾಡಿದ ರಸೀದಿ ಆಗಲಿ. ಬೀಗದ ಕೈ ನಿನಗೆ ಸಿಕ್ಕ ಮೇಲೇ ರಿಜಿಸ್ಟ್ರಿ. ಖಾಲಿ ಮಾಡಿಸ್ತೀನಿ ಅನ್ನೋ ಬಾಯಿಮಾತು ಮಾತ್ರ ನಂಬಬೇಡ.

ಲೆಕ್ಕವೂ ಅಲ್ಲೇ ತಪ್ಪುತ್ತದೆ. 48 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80, ಅಂದರೆ 38.4 ಲಕ್ಷ ಕೊಡುತ್ತದೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಶೇ 7ಕ್ಕೂ ಮೇಲೆ, ಅದು ಸಾಲದಲ್ಲಿ ಸೇರುವುದಿಲ್ಲ. ಕೈಯಿಂದಲೇ 13 ಲಕ್ಷ ದಾಟುತ್ತದೆ. ಶೇ 8.5ರ ಬಡ್ಡಿಗೆ 20 ವರ್ಷ ಅಂದರೆ ಕಂತು ತಿಂಗಳಿಗೆ 33,000 ಮೇಲೆ. ಕೆಳಗಿನದು, ಮಹಡಿಯದು ಎರಡೂ ಮನೆಯಿಂದ ಬಾಡಿಗೆ 20,000 ಬಂದರೂ ಉಳಿದಿದ್ದು ಸಂಬಳದಿಂದ ಹೋಗಬೇಕು. ಮಹಡಿ ಭೋಗ್ಯದಲ್ಲೇ ಉಳಿದರೆ ಅಲ್ಲಿಂದ ಒಂದು ಪೈಸೆಯೂ ಇಲ್ಲ.

ಬಾಡಿಗೆದಾರರಿಗೆ ಬ್ರೋಕರ್ ಬೇಕಿಲ್ಲ. ಹಿಮ್ಸ್ ಆಸ್ಪತ್ರೆಯ ನರ್ಸುಗಳು, ಮಲ್ನಾಡ್ ಕಾಲೇಜಿನ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹಾಕಿಸು. ಹಗಲು ತೆಗೆದ ಫೋಟೋ ಇರಲಿ, ನೀರು ಎಲ್ಲಿಂದ, ಬೈಕ್ ಎಲ್ಲಿ ನಿಲ್ಲುತ್ತದೆ ಅಂತಲೂ ಬರಿ. ಕರಾರು 11 ತಿಂಗಳದ್ದು, ವರ್ಷ ದಾಟಿದರೆ ನೋಂದಣಿ ಕಡ್ಡಾಯ. ಎರಡೂ ಮನೆಗೆ ಬೇರೆ ಮೀಟರ್ ಹಾಕಿಸು. ಒಂದೇ ಮೀಟರಿನಲ್ಲಿ ಇಬ್ಬರು ಉರಿಸಿ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಹೋಗಿ ಪೂರ್ತಿ ಬಿಲ್ಲು ಬರುತ್ತದೆ, ಜಗಳ ಅಲ್ಲಿಂದಲೇ ಶುರು.

ಮತ್ತೆ ಪಾಠ ಶುರು ಮಾಡಿದ ಅಂತೀಯ, ಗೊತ್ತು. ಭೋಗ್ಯದ ಕರಾರಿನ ಫೋಟೋ ಸಿಕ್ಕರೆ ಇವತ್ತೇ ಕಳಿಸು. ನನ್ನ ಮೇಲೆ ಸಿಟ್ಟಿದ್ದರೆ ಅಮ್ಮನ ಫೋನಿಗೇ ಕಳಿಸು.

ನಿನ್ನ ಅಪ್ಪ