ಘಟ್ಟದ ಹೂವಿಗೆ ಹೆಸರು ಹಚ್ಚುವ ಮುನ್ನ

ಮಾನ್ಯ ಸಂಪಾದಕರೆ,

ಖಾನಾಪುರ ತಾಲ್ಲೂಕಿನ ಘಟ್ಟದ ಅಂಚಿನಲ್ಲಿ ಆಗಸ್ಟ್‌, ಸೆಪ್ಟೆಂಬರ್‌ ಎಂದರೆ ಸೆರೊಪೀಜಿಯಾ ಹೂ ಬಿಡುವ ಕಾಲ. ಹುಲ್ಲಿನ ನಡುವೆ ಪುಟ್ಟ ಕಂದೀಲಿನಂತೆ ಕಾಣುವ ಈ ಹೂವಿನದೊಂದು ಫೋಟೊ ತೆಗೆದು, ಮೊಬೈಲ್‌ ಆ್ಯಪ್‌ ಹೇಳಿದ ಹೆಸರು ಹಚ್ಚಿ, ‘ಅಳಿವಿನಂಚಿನ ಸಸ್ಯ ಪತ್ತೆ’ ಎಂದು ಪತ್ರಿಕೆಗಳಿಗೆ ಕಳಿಸುವುದು ಈಚೆಗೆ ಹೆಚ್ಚಾಗಿದೆ. ಆಸಕ್ತಿ ಒಳ್ಳೆಯದೇ. ಆದರೆ ಒಂದು ಫೋಟೊ ನೋಡಿ ಇದರ ಪ್ರಭೇದ ಹೇಳುವುದು ಬಹುತೇಕ ಆಗದ ಮಾತು.

ಸೆರೊಪೀಜಿಯಾ ಎಂಬುದು ಹಲವು ಪ್ರಭೇದಗಳಿರುವ ಒಂದು ಕುಲ. ಕುಲ ಗುರುತಿಸುವುದು ಕಷ್ಟವಲ್ಲ. ಬುಡದಲ್ಲಿ ಉಬ್ಬಿದ ಕೊಳವೆ, ಮೇಲೆ ಐದು ಎಸಳು. ಹೆಚ್ಚಿನವುಗಳಲ್ಲಿ ಎಸಳುಗಳ ತುದಿ ಕೂಡಿ ಪಂಜರದಂತಾಗಿರುತ್ತದೆ. ಕೊಳವೆಯೊಳಗಿನ ಕೂದಲು ಕೆಳಮುಖವಾಗಿದ್ದು, ಒಳಹೊಕ್ಕ ಸಣ್ಣ ನೊಣ ಅವು ಬಾಡುವ ತನಕ ಹೊರಬರಲಾರದು. ತೊಡಕಿರುವುದು ಪ್ರಭೇದ ಹೇಳುವಲ್ಲಿ. ಎಲೆಯ ಆಕಾರವನ್ನಂತೂ ನಂಬಬಾರದು. ಸೆರೊಪೀಜಿಯಾ ಬಲ್ಬೋಸಾದ ಎಲೆ ದುಂಡಗೂ ಇರುತ್ತದೆ, ಹುಲ್ಲಿನೆಸಳಿನಂತೆ ಸಪೂರವಾಗಿಯೂ ಇರುತ್ತದೆ. ಸಪೂರ ಎಲೆಯದ್ದನ್ನು ಹಿಂದೆ ಬೇರೆ ಪ್ರಭೇದವೆಂದೇ ಎಣಿಸಿದ್ದರು. ಮೇಲಾಗಿ ಬಲ್ಬೋಸಾ ಬಯಲುಸೀಮೆಯಲ್ಲೂ ಬೆಳೆಯುತ್ತದೆ, ಘಟ್ಟಕ್ಕೆ ಸೀಮಿತವಲ್ಲ.

ಮೊದಲು ಗಿಡ ನೆಟ್ಟಗೆ ನಿಂತಿದೆಯೋ ಬಳ್ಳಿಯಾಗಿ ಸುತ್ತಿದೆಯೋ ಬರೆದುಕೊಳ್ಳಬೇಕು. ಈ ಕುಲದ ಅಟೆನ್ಯುಯೇಟಾ ಪ್ರಭೇದ ನೆಟ್ಟಗಿನದು, ಹಿರ್ಸುಟಾ ಪ್ರಭೇದ ಬಳ್ಳಿ. ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ. ಕಾಂಡದ ಮೇಲೆ, ಎಲೆಯ ಎರಡೂ ಮುಖದ ಮೇಲೆ ರೋಮವಿದೆಯೇ, ಹೂ ಒಂಟಿಯೋ ಗೊಂಚಲೋ ನೋಡಬೇಕು. ಕೊಳವೆ ಮತ್ತು ಎಸಳನ್ನು ಬೇರೆಬೇರೆಯಾಗಿ ಮಿಲಿಮೀಟರ್‌ನಲ್ಲಿ ಅಳೆಯಬೇಕು. ಫೋಟೊ ತೆಗೆಯುವಾಗ ಅಳತೆಪಟ್ಟಿಯನ್ನು ಹೂವಿಗೆ ಒತ್ತಾಗಿ ಹಿಡಿಯಬೇಕು. ಪಟ್ಟಿ ನಾಲ್ಕು ಬೆರಳು ಹಿಂದೆ ಸರಿದರೂ ಹೂ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ತೀರ್ಮಾನ ಕೊಡುವ ಭಾಗ ಹೊರಗಿನಿಂದ ಕಾಣುವುದೇ ಇಲ್ಲ. ಅದು ಕೊಳವೆಯ ತಳದಲ್ಲಿರುವ ಕರೋನಾ, ಅಂದರೆ ಒಳಗಿನ ಪುಟ್ಟ ಕಿರೀಟ. ಆಗಷ್ಟೇ ಉದುರಿದ ಹೂವೊಂದು ಸಿಕ್ಕರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಬೇಕು. ಕಿರೀಟದ ಹೊರಸುತ್ತಿನ ಹಾಲೆಗಳ (ಚಾಚಿದ ಭಾಗಗಳ) ತುದಿ ಎರಡಾಗಿ ಸೀಳಿದೆಯೇ, ಅಂಚಿಗೆ ರೋಮವಿದೆಯೇ, ಒಳಸುತ್ತಿನ ಐದು ಕಡ್ಡಿಗಳು ನೆಟ್ಟಗಿವೆಯೇ ಬಾಗಿವೆಯೇ ಎಂಬುದೆಲ್ಲ ಆಗ ತಿಳಿಯುತ್ತದೆ. ಒತ್ತಿ ಒಣಗಿಸಿದ ಹೂವಿನಲ್ಲಿ ಇದೆಲ್ಲ ಚಪ್ಪಟೆಯಾಗಿಬಿಡುತ್ತದೆ. ಅದಕ್ಕೇ ಒಂದು ಹೂವನ್ನು ಶೇ 70ರ ಆಲ್ಕೋಹಾಲಿನಲ್ಲಿ ಇಡುವುದು. ಅದರಲ್ಲೂ ಬಣ್ಣ ನಿಲ್ಲದು, ಹೀಗಾಗಿ ಬಣ್ಣ, ಚುಕ್ಕೆಗಳನ್ನು ಸ್ಥಳದಲ್ಲೇ ಬರೆದುಕೊಳ್ಳಬೇಕು.

ಗಡ್ಡೆ ಅಗೆಯುವುದು ಮಾತ್ರ ಬೇಡವೇ ಬೇಡ. ಮಳೆಗಾಲ ಮುಗಿದ ಮೇಲೆ ಕಾಂಡ ಒಣಗಿಹೋಗುತ್ತದೆ, ಮುಂದಿನ ವರ್ಷ ಚಿಗುರುವುದು ಆ ಗಡ್ಡೆಯಿಂದಲೇ. ಇಪ್ಪತ್ತು ಗಿಡಗಳಿಲ್ಲದ ಕಡೆ ಅಧ್ಯಯನಕ್ಕೂ ಒಂದನ್ನು ಕೀಳಬಾರದೆಂಬ ರೂಢಿ ಸಸ್ಯಶಾಸ್ತ್ರದಲ್ಲಿದೆ. ಭೀಮಗಡ ವನ್ಯಜೀವಿಧಾಮದೊಳಗಂತೂ ಅನುಮತಿಯಿಲ್ಲದೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹೋಲಿಸಿ ನೋಡಲು ಹಳೆ ಮೈಸೂರಿನ ಸಸ್ಯಗ್ರಂಥಗಳಿಗಿಂತ ಥಿಯೊಡೋರ್‌ ಕುಕ್‌ ಅವರು 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬೈ ಪ್ರಾಂತ್ಯದ ಸಸ್ಯಸಂಪುಟಗಳೇ ನಮಗೆ ಹತ್ತಿರ. ಬೆಳಗಾವಿ ಆಗ ಆ ಪ್ರಾಂತ್ಯದಲ್ಲಿತ್ತು. ಅದರಲ್ಲಿ ಈ ಕುಲ ಎಕ್ಕೆಗಿಡದ ಜೊತೆ ಆಸ್ಕ್ಲೆಪಿಯಡೇಸಿ ಕುಟುಂಬದಲ್ಲಿದೆ. ಈಗ ಆ ಕುಟುಂಬವನ್ನು ಕಣಗಿಲೆಯ ಅಪೊಸೈನೇಸಿಯೊಳಗೆ ಸೇರಿಸಲಾಗಿದೆ. ಕೊನೆಯ ಮಾತು ಹರ್ಬೇರಿಯಂ ಹಾಳೆಗಳದ್ದು, ಅಂದರೆ ಗಿಡಗಳನ್ನು ಒತ್ತಿ ಒಣಗಿಸಿ ಅಂಟಿಸಿಟ್ಟ ಹಾಳೆಗಳದ್ದು. ಪುಣೆಯ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಪಶ್ಚಿಮ ಕೇಂದ್ರ ನಮಗೆ ದೂರವೇನಲ್ಲ.

ಇನ್ನೊಂದು ಮಾತು. ಒಂದೇ ಬೆಟ್ಟಸಾಲಿಗೆ ಸೀಮಿತವಾದದ್ದೆಲ್ಲ ವಿರಳವಲ್ಲ, ವಿರಳವಾಗಿ ಹೂ ಬಿಡುವುದೆಲ್ಲ ವಿರಳ ಸಸ್ಯವೂ ಅಲ್ಲ. ಕಾರ್ವಿ ವರ್ಷಗಟ್ಟಲೆ ಕಾದು ಹೂ ಬಿಡುತ್ತದೆ, ಗಿಡ ಮಾತ್ರ ಘಟ್ಟದ ಇಳಿಜಾರಿನ ತುಂಬ ನಿಂತಿರುತ್ತದೆ.

ತಮ್ಮಲ್ಲಿ ನಮ್ಮ ಕೋರಿಕೆ ಎರಡು. ತಜ್ಞರು ಕರೋನಾ ನೋಡಿ ಖಚಿತಪಡಿಸುವವರೆಗೆ ‘ಸೆರೊಪೀಜಿಯಾ ಕುಲದ ಹೂ’ ಎಂದಷ್ಟೇ ಅಚ್ಚುಮಾಡಿರಿ. ಗಡ್ಡೆ ಅಗೆಯುವವರಿಗೆ ದಾರಿ ತೋರಿಸಿದಂತಾಗದಿರಲು, ಹೂ ಕಂಡ ಗುಡ್ಡದ ಹೆಸರು, ರಸ್ತೆಯ ತಿರುವು, ಕಿಲೊಮೀಟರ್‌ ಕಲ್ಲಿನ ಗುರುತು ಹಾಕದೆ, ತಾಲ್ಲೂಕಿನ ಹೆಸರಿಗೇ ನಿಲ್ಲಿಸಿರಿ.

– ಸಸ್ಯಾಸಕ್ತರು, ಬೆಳಗಾವಿ